ರಾಗಿ ಹೊಲದಲ್ಲಿ ಶಾಲೆಯ ಸ್ವೆಟರ್

ಬೆರಣಿಯ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿದರೆ ಏಳುವ ಹೊಗೆ ಮೂಗಿಗಿಂತ ಮೊದಲು ಗಂಟಲನ್ನು ಹಿಡಿಯುತ್ತದೆ. ಹೋದ ತಿಂಗಳು ಹೊಸೂರಿನಿಂದ ತೊರಪಲ್ಲಿ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಮೊದಲು ಕೆಮ್ಮು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು, ಅದರ ಹಿಂದೆ ಏಳು ವರ್ಷದ ಕೆಳಗಿನ ಒಂದು ಚಳಿಗಾಲ ಬಂತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, ಯಾರನ್ನೂ ನೋಡದೆ, "ಸ್ವಾಮಿಗಳು ಬಂದವ್ರೆ ಅಂತ ಕಾಣ್ತದೆ" ಅಂದಳು. ಆ ಸೀಮೆಯಲ್ಲಿ ರಾಗಿ ಬಲಿಯುವ ಹೊತ್ತಿಗೆ ಕಾಡಿನಿಂದ ಇಳಿಯುವ ಆನೆಗಳನ್ನು ಯಾರೂ ಆನೆ ಅನ್ನುವುದಿಲ್ಲ. ಹೆಸರು ಹಿಡಿದರೆ ಕರೆದಂತೆ, ಕರೆದರೆ ಬರುತ್ತವೆ ಎಂದು ನಂಬಿಕೆ. ಅವುಗಳನ್ನು ಹೊಲದಿಂದ ದೂರವಿಡಲು ಈ ಖಾರದ ಹೊಗೆ.

ನಾನು ಹೊರಟಿದ್ದು ಬೇರೆ ಊರಿಗೆ, ಬೇರೆ ಕೆಲಸಕ್ಕೆ. ತೊರಪಲ್ಲಿ ಬಂದಾಗ ಇಳಿದುಬಿಟ್ಟೆ.

ಆ ವರ್ಷದ ಕತೆಯನ್ನು ನಾನು ಗಂಡನಿಗೆ ಹೇಳಿದ್ದೇನೆ, ಅಕ್ಕನಿಗೆ ಹೇಳಿದ್ದೇನೆ, ಆಮೇಲೆ ಸೇರಿದ ಎರಡು ಶಾಲೆಗಳ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ಅದರಲ್ಲಿ ನಾನು ಸ್ವಲ್ಪ ಒಳ್ಳೆಯವಳಾಗುತ್ತ ಬಂದಿದ್ದೇನೆ. ಮಂಜು ಕೂಡ ಸ್ವಲ್ಪ ದಟ್ಟವಾಗುತ್ತ ಬಂದಿದೆ. ಇಷ್ಟು ಮಂಜು ನಿಜಕ್ಕೂ ಇತ್ತೇ? ಹೊಸೂರಿನ ಮಾರ್ಗಶಿರದಲ್ಲಿ ಮಂಜು ಇರುತ್ತದೆ, ಸರಿ. ಆದರೆ ನನ್ನ ನೆನಪಿನಲ್ಲಿ ಅದು ಹತ್ತು ಗಂಟೆಯ ಪಾಠದ ಹೊತ್ತಿನಲ್ಲೂ ಇದೆ, ಮಧ್ಯಾಹ್ನದ ಊಟದ ತಟ್ಟೆಗಳ ಮೇಲೂ ಇದೆ. ಇದನ್ನು ನಂಬುವುದು ಕಷ್ಟ. ಆದ್ದರಿಂದ ಓದುವವರು ಮಂಜನ್ನು ಬೇಕಾದರೆ ಅರ್ಧ ಮಾಡಿಕೊಳ್ಳಿ. ಒಂದು ಸ್ವೆಟರ್, ಒಂದು ಹಾಳೆ, ಒಂದು ಸಹಿ ಮಾತ್ರ ಹಾಗೆಯೇ ಇರಲಿ.

ನನ್ನ ಗಂಡನಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಚಿಂತಾಮಣಿ ಕಡೆಯಿಂದ ಬಂದು ಜೂಜುವಾಡಿಯಲ್ಲಿ ಮನೆ ಮಾಡಿದ್ದೆವು. ಅತ್ತಿಬೆಲೆಯಿಂದ ಸಾಲುಗಟ್ಟಿದ ಲಾರಿಗಳು ನಮ್ಮ ಬೀದಿಯ ಕೊನೆಯಲ್ಲಿ ನಿಂತು ಉಸಿರು ಬಿಡುತ್ತಿದ್ದವು. ಹಾಲಿಗೆ ಹೋದರೆ ಕರ್ನಾಟಕ, ಮೊಸರಿಗೆ ಹೋದರೆ ತಮಿಳುನಾಡು. ಎರಡು ರಾಜ್ಯಗಳ ನಡುವಿನ ಗೆರೆ ಎಲ್ಲಿದೆ ಎಂದು ಮೊದಲ ವಾರವೆಲ್ಲ ಹುಡುಕಿದೆ. ಬೋರ್ಡುಗಳ ಅಕ್ಷರ ಬದಲಾಗುತ್ತಿತ್ತು, ನೆಲ ಬದಲಾಗುತ್ತಿರಲಿಲ್ಲ. ಆ ಜೂನಿನಲ್ಲಿ ತೊರಪಲ್ಲಿಯಿಂದ ಸ್ವಲ್ಪ ಒಳಗಿರುವ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ವಿಭಾಗಕ್ಕೆ ಒಂದು ವರ್ಷದ ಮಟ್ಟಿಗೆ ಟೀಚರ್ ಬೇಕು ಎಂದು ತಿಳಿದು ಹೋದೆ, ತೆಗೆದುಕೊಂಡರು. ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುವುದು ಬಿಡುವುದು ಹೆಡ್‌ಮಾಸ್ಟರ ಮಾತಿನ ಮೇಲೆ ಎಂದು ಮೊದಲ ದಿನವೇ ಹೇಳಿದ್ದರು. ಇದನ್ನು ಈಗಲೇ ಬರೆದಿಡುತ್ತೇನೆ. ಕತೆ ಹೇಳುವಾಗೆಲ್ಲ ನಾನು ಬಿಟ್ಟುಬಿಡುವ ವಾಕ್ಯ ಇದು.

ಹೆಡ್‌ಮಾಸ್ಟರು ಧರ್ಮಪುರಿ ಕಡೆಯ ತಮಿಳರು. ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ಅರ್ಧಕ್ಕೆ ತಮಿಳಿಗೆ ಹೊರಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಹಿಂದೆ ಅವರಿದ್ದ ಶಾಲೆಯ ಹುಡುಗಿಯೊಬ್ಬಳು ಹುಣಸೆಹಣ್ಣು ಆಯಲು ಹೋಗಿ ಆನೆಯ ಕಾಲಿಗೆ ಸಿಕ್ಕಿದ್ದಳಂತೆ. ಆಸ್ಪತ್ರೆಯ ಬಾಗಿಲಲ್ಲಿ ಅವಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ ಎಂದು ಒಮ್ಮೆ ಹೇಳಿದ್ದರು. ಹೇಳುವಾಗ ಅವರ ಕೈ ಈಗಲೂ ಏನನ್ನೋ ಹಿಡಿದ ಹಾಗೆ ಮಡಚಿಕೊಂಡಿತ್ತು.

ನವೆಂಬರ್ ಕೊನೆಯಲ್ಲಿ ಹಿಂಡು ಹೊಳೆ ದಾಟಿ ಬಂದಿದೆ ಎಂದು ಸುದ್ದಿಯಾಯಿತು. ಅರಣ್ಯದವರ ಜೀಪು ಊರೂರಿಗೆ ಮೈಕಿನಲ್ಲಿ ಹೇಳಿಕೊಂಡು ಹೋಯಿತು: ಯಾರೂ ಹತ್ತಿರ ಹೋಗಬಾರದು, ಹೋದರೆ ಕೇಸು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಒಂದು ನಿಯಮ ಮಾಡಿದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನಮ್ಮ ವಿಭಾಗದ ಮಕ್ಕಳಿಗೆ ನಾನು ಕನ್ನಡದಲ್ಲಿ ಹೇಳಿದೆ. ಗೇಟಿನ ಒಳಗೂ ನೀವು ನನ್ನ ಮಕ್ಕಳು, ಹೊರಗೂ ನನ್ನ ಮಕ್ಕಳು. ಆನೆ ಕಾಣುವಷ್ಟು ಹತ್ತಿರ ಯಾವ ವಿದ್ಯಾರ್ಥಿಯೂ ಹೋಗಕೂಡದು. ಭಾನುವಾರವಾದರೂ ಅಷ್ಟೆ, ಸ್ವಂತ ಹೊಲವಾದರೂ ಅಷ್ಟೆ. ಹೋದವರು ತರಗತಿಯ ಹೊರಗೆ.

ಹಿಂದಿನ ಸಾಲಿನಿಂದ ಒಬ್ಬ ಕೈಯೆತ್ತಿದ. "ಸಾರ್, ಅದೇ ನಮ್ಮನೆ ಹಿತ್ಲಿಗ್ ಬಂದ್ರೆ?"

"ಒಳಗೆ ಹೋಗಿ ಬಾಗಿಲು ಹಾಕ್ಕೋಪ್ಪಾ."

"ಬಾಗ್ಲಿಲ್ಲ ಸಾರ್, ತಗಡು ಅಡ್ಡ ಇಟ್ಟಿರ್ತೀವಿ."

ಎಲ್ಲರೂ ನಕ್ಕರು, ಹೆಡ್‌ಮಾಸ್ಟರೂ ನಕ್ಕರು. ಸ್ಟಾಫ್ ರೂಮಿನಲ್ಲಿ ಮಾತ್ರ ಲೆಕ್ಕದ ಟೀಚರ್ ಸುಗುಣ ಬಿಸಿಯಾಗಿದ್ದಳು. "ಮನೆ ಹೊಲದಲ್ಲಿ ನಿಂತಿದ್ದಕ್ಕೆ ಇಲ್ಲಿ ಶಿಕ್ಷೆ ಕೊಡಕ್ಕಾಗ್ತದಾ? ನಾಳೆ ಮನೇಲಿ ಅನ್ನ ಚೆಲ್ಲಿದ್ರೂ ಇಲ್ಲಿ ಮಂಡಿ ಹಾಕಿಸ್ತೀವಾ?" ಎಂದು ಕೇಳಿದಳು. ನಾನು ಅದಕ್ಕೆ ಏನಂದೆನೋ ನೆನಪಿಲ್ಲ. ಎರಡು ಕಡೆಯೂ ಸರಿ ಅಂದಿರಬೇಕು. ಆ ಕಾಲದಲ್ಲಿ ನಾನು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದೆ.

ಮುನಿಲಕ್ಷ್ಮಿ ಹತ್ತನೆಯ ತರಗತಿಯಲ್ಲಿದ್ದಳು. ಸಣ್ಣ ಜೀವ, ಉದ್ದ ಜಡೆ, ಎರಡು ಬೆಂಚಿನಾಚೆ ಕೇಳದ ಹಾಗೆ ಮಾತು. ಅಪ್ಪ ಕಾರ್ಖಾನೆಯಲ್ಲಿ ಶಿಫ್ಟು, ಅಮ್ಮ ಗುಲಾಬಿ ತೋಟದ ಶೆಡ್ಡಿನಲ್ಲಿ ಹೂ ಕಟ್ಟುವ ಕೆಲಸ, ಹೊಲ ನೋಡಿಕೊಳ್ಳುವುದು ಅಜ್ಜಿ. ಹನ್ನೊಂದನೆಯದಕ್ಕೆ, ಅಲ್ಲಿಯವರ ಪ್ಲಸ್ ಒನ್‌ಗೆ, ಹೊಸೂರಿನಲ್ಲಿ ವಿಜ್ಞಾನದ ಗ್ರೂಪು ತೆಗೆದುಕೊಳ್ಳಬೇಕು, ನರ್ಸಿಂಗ್ ಓದಬೇಕು ಎಂಬುದು ಅವಳ ಲೆಕ್ಕ. ಆ ಗ್ರೂಪು ಸಿಗಬೇಕಾದರೆ ಹತ್ತರಲ್ಲಿ ಒಳ್ಳೆಯ ಅಂಕ ಬರಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ ಕೆಲವರನ್ನು ಆರಿಸಿ, ಜನವರಿಯಿಂದ ಬೆಳಿಗ್ಗೆ ವಿಶೇಷ ತರಗತಿ ನಡೆಸುವುದು ಆ ಶಾಲೆಯ ಪದ್ಧತಿ. ಅವಳ ಕಣ್ಣು ಅದರ ಮೇಲಿತ್ತು. ನನ್ನ ವಿಷಯದಲ್ಲಿ ಅವಳಿಗೆ ಅಂಥ ಆಸೆಯೇನೂ ಇರಲಿಲ್ಲ. ಆದರೂ ನಾನು ಬರೆಸಿದ 'ನಮ್ಮ ಹೊಲ' ಎಂಬ ಪ್ರಬಂಧವನ್ನು ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದಳು. ರಸ್ತೆ ಪಕ್ಕದ ಜೋಡಿ ಹುಣಸೆಮರ, ಅದರ ಕೆಳಗೆ ಕೊಯ್ಯದೆ ಬಿಟ್ಟ ರಾಗಿಯ ಮೂಲೆ. ಆ ಮೂಲೆಗೆ ಅವರ ಮನೆಯಲ್ಲಿ ಸ್ವಾಮಿ ಪಾಲು ಎನ್ನುತ್ತಾರಂತೆ. ಹಿಂಡು ಬಂದ ಮೊದಲ ಬೆಳಗು ಮನೆಯವರು ಹೋಗಿ, ತಲೆಗೆ ಟವೆಲ್ ಸುತ್ತಿ ನಿಂತು, ಕೈಮುಗಿದು ಇದು ನಿಮ್ಮ ಪಾಲು, ಮಿಕ್ಕಿದ್ದು ಮಕ್ಕಳ ಪಾಲು ಎಂದು ಹೇಳಿ ಬರುತ್ತಾರಂತೆ. ಅದನ್ನು ತರಗತಿಯಲ್ಲಿ ಓದಿಸಿದ್ದೆ. "ಏನಮ್ಮಿ, ಅವುಕ್ಕೆ ಕನ್ನಡ ಬತ್ತದಾ, ತೆಲುಗಾ?" ಎಂದು ಹುಡುಗರು ಛೇಡಿಸಿದರು. "ನಿಂಗಿಂತ ಚೆನ್ನಾಗ್ ಬತ್ತದೆ ಕಣ್ಲಾ" ಅಂದಳು ಅವಳು, ಕೂತುಕೊಳ್ಳುತ್ತ.

ಡಿಸೆಂಬರಿನ ಮೊದಲ ಸೋಮವಾರ ಹೆಡ್‌ಮಾಸ್ಟರು ನನ್ನನ್ನು ಕರೆಸಿ ಫೋನು ಮುಂದೆ ಹಿಡಿದರು. ಭಾನುವಾರ ಬೆಳಿಗ್ಗೆ ಹಾಲಿನ ವ್ಯಾನಿನವನು ರಸ್ತೆಯಿಂದ ತೆಗೆದ ವಿಡಿಯೋ. ಮಂಜು. ಮಂಜಿನೊಳಗೆ ಮಂಜಿಗಿಂತ ಸ್ವಲ್ಪ ಗಟ್ಟಿಯಾದ ಮೂರು ಬೂದು ಗುಡ್ಡೆಗಳು. ಅವುಗಳ ಕಡೆಗೆ, ನಮಗೆ ಬೆನ್ನು ಹಾಕಿ, ಗಿಡ್ಡ ಆಕೃತಿಯೊಂದು ನಡೆದು ಹೋಗುತ್ತದೆ. ತಲೆಗೆ ಟವೆಲ್, ಮೈಮೇಲೆ ನಮ್ಮ ಶಾಲೆಯ ಕೆಂಗಂದು ಸ್ವೆಟರ್, ಅಂಚಿನಲ್ಲಿ ಎರಡು ಹಳದಿ ಪಟ್ಟಿ. ಆಕೃತಿ ನಿಲ್ಲುತ್ತದೆ. ಕೈ ಎತ್ತುತ್ತದೆ. ಗುಡ್ಡೆಗಳಲ್ಲಿ ಒಂದು ಕಿವಿ ಆಡಿಸುತ್ತದೆ. ಅಷ್ಟೇ. ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಮತ್ತೆ ಓಡಿಸಿದ್ದೇನೆ. ಈಗ ಅದರಲ್ಲಿ ನಾನೂ ಎಲ್ಲೋ ಹುಣಸೆಮರದ ಹತ್ತಿರ ನಿಂತು ನೋಡುತ್ತಿರುವ ಹಾಗೆ ಅನ್ನಿಸುತ್ತದೆ.

"ಯಾರು ಟೀಚರ್ ಇದು?"

ಜೋಡಿ ಹುಣಸೆಮರ ನೋಡಿದೆ. ಕೊಯ್ಯದ ಮೂಲೆ ನೋಡಿದೆ. "ಮುನಿಲಕ್ಷ್ಮಿ, ಸಾರ್" ಅಂದೆ. ಅವಳು ನನಗೆ ಬರೆದುಕೊಟ್ಟ ಪ್ರಬಂಧದಿಂದಲೇ ಅವಳನ್ನು ಹಿಡಿದುಕೊಟ್ಟೆ. ಮುಖ ಕಾಣುತ್ತಿರಲಿಲ್ಲ. ಮುಖ ಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

ಅವಳನ್ನು ಕರೆಸಿದರು. ವಿಡಿಯೋ ನೋಡಿದಳು. ಇನ್ನೊಂದು ಸಲ ತೋರಿಸಿ ಎಂದು ಕೇಳಿ ನೋಡಿದಳು. ತುಟಿಯ ಕೊನೆಯಲ್ಲಿ ಒಂದು ನಗೆಯಂಥದ್ದು ಬಂದು ಹೋಯಿತು. "ನಮ್ಮ ಹೊಲ ಸಾರ್" ಅಂದಳು.

"ಹೊಲ ಯಾರದ್ದು ಅಂತ ನಾನು ಕೇಳಲಿಲ್ಲಮ್ಮಾ. ಸತ್ತಿದ್ದರೆ? ಆಗ ನಾನು ಯಾರಿಗೆ ಉತ್ತರ ಹೇಳಲಿ?" ಹೆಡ್‌ಮಾಸ್ಟರು ಫೋನನ್ನು ಬೋರಲಾಗಿ ಮೇಜಿನ ಮೇಲಿಟ್ಟರು. "ದೊಡ್ಡವರು ಯಾರಾದರೂ ಹೀಗೆ ಹೋಗಿದ್ದರೆ ಈ ವಿಡಿಯೋ ಫಾರೆಸ್ಟಿನವರಿಗೆ ಕಳಿಸಿ ಕೇಸು ಹಾಕಿಸುತ್ತಿದ್ದೆ. ನೀನು ನನ್ನ ಸ್ಕೂಲಿನ ಹುಡುಗಿ. ಅದಕ್ಕೆ ಇಲ್ಲೇ ಮುಗಿಸುತ್ತೇನೆ." ಆಮೇಲೆ ನನ್ನ ಕಡೆ ತಿರುಗಿ, "ಬರೀರಿ ಟೀಚರ್, ಇವರಪ್ಪನಿಗೆ ಕನ್ನಡ ಮಾತ್ರ ಓದಕ್ಕೆ ಬರೋದು" ಅಂದರು.

ಬರೆದೆ. ಶಾಲೆಯ ಸಮವಸ್ತ್ರ ಧರಿಸಿ, ಶಾಲೆಯ ಹೊರಗೆ, ನಿಯಮ ಮೀರಿ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ. ಕೊನೆಯ ಸಾಲು: 'ವಿಡಿಯೋದಲ್ಲಿರುವುದು ತಾನೇ ಎಂದು ಒಪ್ಪಿಕೊಂಡಿದ್ದಾಳೆ.' ಅಂಥ ಕಾಗದಗಳು ಹಾಗೇ ಮುಗಿಯುತ್ತವೆ. ಹಾಗೆ ಬರೆಯದಿದ್ದರೆ ಕಾಗದ ಮುಗಿದ ಹಾಗೆ ಕಾಣುವುದಿಲ್ಲ. ಅವಳು ಓದುತ್ತ ಬಂದವಳು ಆ ಸಾಲಿನ ಕೆಳಗೆ ಬೆರಳಿಟ್ಟು ನನ್ನನ್ನು ನೋಡಿದಳು. ನಾನು, "ಸೈನ್ ಮಾಡಮ್ಮ, ಬೆಲ್ ಆಯ್ತು" ಅಂದೆ. ಮಾಡಿದಳು.

ಮನೆಯ ದೊಡ್ಡವರೊಬ್ಬರು ಬಂದು, ಇನ್ನು ಮುಂದೆ ಕಳಿಸುವುದಿಲ್ಲ ಎಂದು ಬರೆದುಕೊಡುವ ತನಕ ಅವಳು ತರಗತಿಯ ಹೊರಗೆ. ಅಪ್ಪನಿಗೆ ಶಿಫ್ಟಿನ ಮೇಲೆ ಶಿಫ್ಟು. ಅಮ್ಮ ಒಂದು ದಿನ ತಪ್ಪಿಸಿದರೆ ಅವಳ ಜಾಗದಲ್ಲಿ ಇನ್ನೊಬ್ಬಳು ನಿಲ್ಲುತ್ತಾಳೆ. ಹಾಗಾಗಿ ಯಾರೂ ಬರಲಿಲ್ಲ. ಮುನಿಲಕ್ಷ್ಮಿ ಅಂಗಳದ ಹೊಂಗೆಮರದ ಕೆಳಗೆ ಪುಸ್ತಕ ಹಿಡಿದು ಕೂತಳು. ನಾನು ಕಿಟಕಿಯ ಪಕ್ಕ ನಿಂತು, ಅವಳಿಗೆ ಕೇಳಲಿ ಎಂದು ಗಂಟಲು ಹರಿಯುವ ಹಾಗೆ ಪಾಠ ಮಾಡಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ಪಷ್ಟವಾಗಿ ನೆನಪಿರುವುದರಿಂದಲೇ ಅನುಮಾನ. ನಮ್ಮನ್ನು ನಾವು ಮೆಚ್ಚಿಕೊಳ್ಳುವ ಚಿತ್ರಗಳಿಗೆ ಬೆಳಕು ಯಾವಾಗಲೂ ಜಾಸ್ತಿ.

ಎರಡನೆಯ ದಿನವೋ ಮೂರನೆಯ ದಿನವೋ ಊಟದ ಹೊತ್ತಿನಲ್ಲಿ ಹೋಗಿ ಅವಳ ಪಕ್ಕ ಕೂತೆ. ಎಲೆಗಳಿಂದ ಹನಿ ಬೀಳುತ್ತಿತ್ತು.

"ಯಾಕಮ್ಮ ಹೋದೆ?"

"ಪಾಲು ತೋರಿಸ್ಬೇಕಲ್ಲ ಮಿಸ್. ತೋರಿಸ್ದಿದ್ರೆ ಯಾವ್ದು ನಮ್ದು ಯಾವ್ದು ಅವುರ್ದು ಅಂತ ಹೆಂಗ್ ಗೊತ್ತಾಯ್ತದೆ?"

"ಅದಕ್ಕೆ ನೀನೇ ಹೋಗ್ಬೇಕಾ?"

"ಮನೇಲಿ ಹಿರೇರು ಹೋಗ್ಬೇಕು" ಅಂದಳು. ಅಂದು, ಪುಸ್ತಕದ ಹಾಳೆ ತಿರುಗಿಸಿದಳು.

ಹದಿನೈದು ವರ್ಷದ ಹುಡುಗಿ ಮನೆಗೆ ಹಿರಿಯಳಲ್ಲ ಎಂದು ಆಗ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ನಾನು ಮುಂದಿನ ಪಿರಿಯಡ್ಡಿನ ಬಗ್ಗೆ ಯೋಚಿಸುತ್ತಿದ್ದೆ. ಅವಳೇ ಮತ್ತೆ ಕೇಳಿದಳು. "ಮಿಸ್, ಸ್ಕೂಲು ಅನ್ನೋದು ಗೇಟಿಂದ ಎಷ್ಟ್ ದೂರದ ತನಕ?" ಜೂಜುವಾಡಿಯಲ್ಲಿ ನಾನು ಹುಡುಕಿದ ಗೆರೆ ನೆನಪಾಯಿತು. ಗೊತ್ತಿಲ್ಲ ಅಂದೆ. "ಮಳೆಗಾಲದಾಗೆ ಹಳ್ಳ ತುಂಬಿ ನಾವು ಆಚೆ ಸಿಕ್ಕಾಕ್ಕೊಂಡ್ರೆ ಯಾರೂ ಬರಕ್ಕಿಲ್ಲ. ಆವಾಗ ಸ್ಕೂಲು ಹಳ್ಳದ ಈಚೆಗೇ ನಿಂತ್ಕಂತದೆ" ಅಂದಳು. ದೂರು ಹೇಳುವ ದನಿಯಲ್ಲ. ಸುಮ್ಮನೆ, ನೀರು ಎಲ್ಲಿಯ ತನಕ ಬಂದಿತ್ತು ಎಂದು ತೋರಿಸುವವರ ದನಿ.

ಗುರುವಾರ ಬೆಳಿಗ್ಗೆ ಅಜ್ಜಿ ಬಂದಳು.

ನಾನು ವರಾಂಡದಲ್ಲಿದ್ದೆ. ಹೊತ್ತು ಏರಿರಲಿಲ್ಲ, ಮಂಜು ಇತ್ತು. ಈ ಸಲ ನಿಜವಾಗಿ ಇತ್ತು, ಯಾಕೆಂದರೆ ಪ್ರಾರ್ಥನೆಗೆ ಬಾವುಟದ ಕಂಬದ ತುದಿ ಕಾಣುತ್ತಿಲ್ಲ ಎಂದು ಹುಡುಗರು ನಗುತ್ತಿದ್ದರು. ಗೇಟಿನ ಹತ್ತಿರ ಯಾರೋ ಯಾರನ್ನೋ ದಾರಿ ಕೇಳುತ್ತ ನನಗೆ ಬೆನ್ನು ಹಾಕಿ ನಿಂತಿದ್ದರು. ಗಿಡ್ಡ ಆಕೃತಿ, ತಲೆಗೆ ಟವೆಲ್, ಕೆಂಗಂದು ಸ್ವೆಟರ್, ಅಂಚಿನಲ್ಲಿ ಎರಡು ಹಳದಿ ಪಟ್ಟಿ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಹೊಂಗೆಮರದ ಕೆಳಗೆ ಮುನಿಲಕ್ಷ್ಮಿ ಬರೀ ಅಂಗಿಯಲ್ಲಿ, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ನಾಲ್ಕು ದಿನದಿಂದ ಬೆಳಗಿನ ಹೊತ್ತು ಅವಳು ಹಾಗೇ ಕೂರುತ್ತಿದ್ದಳು. ನಾನು ನೋಡುತ್ತಲೇ ಇದ್ದೆ.

ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗಿ, ಒಳಗೆ ಕುರ್ಚಿಯಲ್ಲಿ ಕೂತೆ. ಯಲ್ಲಮ್ಮಜ್ಜಿ ಹೆಡ್‌ಮಾಸ್ಟರ ರೂಮಿಗೆ ಕಾಲಿಟ್ಟವಳೇ, "ಯಾರಪ್ಪ ಇಲ್ಲಿ ಹೆಡ್ ಮೇಷ್ಟ್ರು?" ಅಂದಳು.

"ನಾನೇಮ್ಮಾ. ಕೂತ್ಕೊಳಿ."

"ಕುಂತ್ಕಳಕ್ ಬಂದಿಲ್ಲ. ನನ್ ಮೊಮ್ಮಗ್ಳ್ನ ಮರದ್ ಕೆಳಗೆ ಕೂರ್ಸಿದ್ದೀರಂತೆ. ಅವ್ಳೇನ್ ಕೋಳೀನಾ?"

ಹೆಡ್‌ಮಾಸ್ಟರು ತಾಳ್ಮೆಯಿಂದ ಹೇಳಿದರು. ಆನೆಗಳ ಮುಂದೆ ಹೋಗಿ ನಿಂತಿದ್ದಳು, ಅದೂ ಸ್ಕೂಲಿನ ಸ್ವೆಟರ್ ಹಾಕಿಕೊಂಡು. ನೋಡಿ ಎಂದು ಫೋನು ಕೊಟ್ಟರು. ಅಜ್ಜಿ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಅವಳ ಮುಖ ಅರಳಿತು.

"ಅಯ್ಯೋ, ಇದು ನಾನಲ್ವಾ! ಎಷ್ಟ್ ಚೆನ್ನಾಗ್ ಬಿದ್ದೀನಿ. ನಮ್ಮನೆಯವ್ನು ಇದ್ದಿದ್ರೆ ನೋಡ್ಬೇಕಾಗಿತ್ತು."

ಹೆಡ್‌ಮಾಸ್ಟರು ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು ಮತ್ತೆ ನೋಡಿದರು. ಅಜ್ಜಿಯೇ ಮುಂದುವರಿಸಿದಳು. "ಸ್ವೆಟ್ರು ಮನೇಲಿ ಇರೋದು ಒಂದೇ ಸಾಮಿ. ಬೆಳಗಾನ ನಂದು, ಹೊತ್ತೇರಿದ್ ಮೇಲೆ ಅವ್ಳ್ದು. ರಾಗಿ ಕಾಯೋರು ಹಾಕ್ಕಬೇಕು. ಊರಾಗೆ ಯಾರ್ ಮನೇಲಾದ್ರೂ ನೋಡಿ, ಹೊಲಕ್ ಹೋಗೋರೆಲ್ಲ ಸ್ಕೂಲ್ ಸ್ವೆಟ್ರೇ ಹಾಕ್ಕಳೋದು." ಆಮೇಲೆ ಸ್ವಲ್ಪ ತಮಾಷೆಯಾಗಿ, "ಈಗೇನು, ನಂಗೆ ಟೀಸಿ ಕೊಡ್ತೀರಾ? ಕೊಡಿ. ಸ್ಕೂಲ್ ಮೆಟ್ಲು ಹತ್ತಿದ್ದೇ ನಾನು ಇವತ್ತು."

ಹೆಡ್‌ಮಾಸ್ಟರು ನಕ್ಕರು. ಮನಸ್ಸು ಬಿಚ್ಚಿ ನಕ್ಕರು. ಮಗು ಆನೆಯ ಮುಂದೆ ನಿಂತಿರಲಿಲ್ಲ ಎಂಬ ನಿರಾಳ ಅವರ ಭುಜದಲ್ಲಿ ಕಾಣುತ್ತಿತ್ತು. ಇಲ್ಲಿಗೆ ಮುಗಿಯಬೇಕಿತ್ತು. ಒಳ್ಳೆಯ ಕತೆಯಾಗುತ್ತಿತ್ತು. ನಾನು ಇದನ್ನು ಇಲ್ಲಿಗೇ ಮುಗಿಸಿ ಹೇಳಿದ್ದೂ ಉಂಟು.

ಆದರೆ ಅವರ ನಗೆ ನಿಂತಿತು. ಡ್ರಾಯರ್ ಎಳೆದು ಆ ಹಾಳೆ ತೆಗೆದರು. "ಹಾಗಾದರೆ ಇದೇನು?" ಎಂದು ಮುನಿಲಕ್ಷ್ಮಿಯನ್ನು ಕರೆಸಿದರು. ಅವಳು ಬಾಗಿಲಲ್ಲಿ ನಿಂತಳು.

"ನೀನಲ್ಲ ಅಂತ ಗೊತ್ತಿದ್ದೂ ನಾನೇ ಅಂತ ಸೈನ್ ಮಾಡಿದ್ದೀಯ. ಯಾಕೆ?"

"ದೊಡ್ಡೋರ್ ಹೋಗಿದ್ರೆ ಕೇಸು ಅಂದ್ರಲ್ಲ ಸಾರ್" ಅಂದಳು. ಅಜ್ಜಿ ಅವಳ ಕಡೆ ತಿರುಗಿ ನೋಡಿದಳು. ಈ ಕಾರಣ ಅಜ್ಜಿಗೂ ಅದೇ ಮೊದಲು ತಿಳಿದದ್ದು.

ಶಾಲೆಯ ಕೈ ಹೊಲದ ತನಕ ಚಾಚಿತ್ತು. ಹುಡುಗಿ ಆ ಕೈಯ ನೆರಳಿಗೆ ಅಜ್ಜಿಯನ್ನು ಎಳೆದುಕೊಂಡಿದ್ದಳು. ಮರದ ಕೆಳಗೆ ಕೂರುವುದು ಠಾಣೆಗೆ ಅಲೆಯುವುದಕ್ಕಿಂತ ವಾಸಿ ಎಂದು ಲೆಕ್ಕ ಹಾಕಿದ್ದಳು. ಹೆಡ್‌ಮಾಸ್ಟರಿಗೂ ಅದು ಅರ್ಥವಾಯಿತು ಎಂದೇ ನನಗೆ ಅನ್ನಿಸುತ್ತದೆ. ಕೇಸಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ವಿಡಿಯೋ ಅಳಿಸಿಹಾಕಿದರು. ಆದರೆ ಹಾಳೆ ಅವರ ಕೈಯಲ್ಲೇ ಇತ್ತು.

"ಹೊರಗೆ ಆದದ್ದಕ್ಕೆ ಇಲ್ಲಿ ಶಿಕ್ಷೆ ಕೊಡಬಹುದಾ ಅಂತ ಸ್ಟಾಫ್ ರೂಮಲ್ಲಿ ನೀವೆಲ್ಲ ಮಾತಾಡಿದ್ದು ನನಗೆ ಗೊತ್ತು ಟೀಚರ್" ಎಂದು ನನಗೆ ಹೇಳಿದರು. "ಸರಿ. ಹೊಲದ ಮಾತು ಬಿಟ್ಟೆ. ಇದು ಹೊರಗೆ ಆದದ್ದಲ್ಲ. ನನ್ನ ಮೇಜಿನ ಮೇಲೆ ಆದ ಸುಳ್ಳು. ಇದಕ್ಕೆ ಸುಮ್ಮನಿದ್ದರೆ ನಾಳೆ ಯಾರ ಸಹಿಗೆ ಬೆಲೆ?" ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ತನಕ ಅವಳು ಹೊರಗೆ, ಪರೀಕ್ಷೆಗೂ ಕೂರುವ ಹಾಗಿಲ್ಲ ಎಂದರು.

ಪರೀಕ್ಷೆ ಇಲ್ಲ ಎಂದರೆ ವಿಶೇಷ ತರಗತಿ ಇಲ್ಲ. ಅದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸಹಿ ಅವಳದು, ಸುಳ್ಳು ಮಾತ್ರ ಅವಳದಲ್ಲ. ವಿಡಿಯೋ ಬಗ್ಗೆ ಅವಳು ಆ ರೂಮಿನಲ್ಲಿ ಹೇಳಿದ್ದು 'ನಮ್ಮ ಹೊಲ' ಎಂಬ ಎರಡೇ ಮಾತು. ಒಪ್ಪಿಕೊಂಡಿದ್ದಾಳೆ ಎಂದು ಬರೆದ ದುಂಡಗಿನ ಅಕ್ಷರ ನನ್ನದು. ಅದನ್ನು ಹೇಳಬಲ್ಲವರು ಅಲ್ಲಿ ನಾನೊಬ್ಬಳೇ ಇದ್ದೆ.

ಗಂಡನಿಗೆ ಹೇಳಿದ ಕತೆಯಲ್ಲಿ ನಾನು ಕುರ್ಚಿಯಿಂದ ಎದ್ದು, "ಸಾರ್, ಅದನ್ನ ಬರೆದದ್ದು ನಾನು, ಅವಳು ಬಾಯೇ ಬಿಟ್ಟಿರಲಿಲ್ಲ" ಅನ್ನುತ್ತೇನೆ. ಅಕ್ಕನಿಗೆ ಹೇಳಿದ ಕತೆಯಲ್ಲಿ ಹೆಡ್‌ಮಾಸ್ಟರು ಅದನ್ನು ಕೇಳಿ ಹಾಳೆಯನ್ನು ನಾಲ್ಕು ಚೂರು ಮಾಡುತ್ತಾರೆ. ಆದರೆ ಹಾಳೆ ಹರಿದಿದ್ದರೆ ಮರುದಿನ ಮುನಿಲಕ್ಷ್ಮಿ ಹೊಂಗೆಮರದ ಕೆಳಗೆ ಯಾಕೆ ಕೂತಿದ್ದಳು? ಪರೀಕ್ಷೆಯ ದಿನಗಳಲ್ಲಿ ನಾನು ಹಂಚಿದ ಉತ್ತರ ಪತ್ರಿಕೆಗಳಲ್ಲಿ ಪ್ರತಿ ದಿನ ಒಂದು ಕೈಯಲ್ಲೇ ಯಾಕೆ ಉಳಿಯುತ್ತಿತ್ತು? ಹಾಗಾದರೆ ನಾನು ಮಾತಾಡಲೇ ಇಲ್ಲವೇ? ನಿದ್ದೆ ಬಾರದಾಗ ಬರುವ ಮೂರನೆಯ ಕತೆಯಲ್ಲಿ ನಾನು ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡುತ್ತ ಕೂತಿದ್ದೇನೆ. ಅದರೊಳಗೆ ಒಂದು ನೀಲಿ ಹೂವಿದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಹೂವನ್ನು ಕೇಳುತ್ತಿದ್ದೇನೆ. ಆ ಗುಂಡು ಆ ಮೇಜಿನ ಮೇಲೆ ಇತ್ತೋ, ಆಮೇಲೆ ಕಂಡ ಇನ್ಯಾವುದೋ ಮೇಜಿನಿಂದ ಬಂದು ಕೂತಿದೆಯೋ ಗೊತ್ತಿಲ್ಲ.

ಕೆಲಸ ಮುಂದಿನ ವರ್ಷಕ್ಕೆ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಗಂಡನಿಗೆ ಬೇರೆ ಕಡೆ ಕೆಲಸವಾಗಿ ನಾವು ಜೂಜುವಾಡಿ ಬಿಟ್ಟೆವು. ಮುನಿಲಕ್ಷ್ಮಿ ಹತ್ತನೆಯದು ಪಾಸಾದಳು ಎಂದಷ್ಟೇ ಸುಗುಣ ತಿಳಿಸಿದ್ದಳು.

ಹೋದ ತಿಂಗಳು ತೊರಪಲ್ಲಿಯಲ್ಲಿ ಇಳಿದು ಆ ರಸ್ತೆಯಲ್ಲಿ ನಡೆದಾಗ ಮಂಜು ಇರಲಿಲ್ಲ, ಬಿಸಿಲಿತ್ತು. ಜೋಡಿ ಹುಣಸೆಯಲ್ಲಿ ಒಂದು ಹೋಗಿತ್ತು. ಹೊಲದ ಅರ್ಧ ಭಾಗಕ್ಕೆ ಬಿಳಿ ಪ್ಲಾಸ್ಟಿಕ್ಕಿನ ಗುಲಾಬಿ ಮನೆ ಎದ್ದಿತ್ತು. ಅದರ ಪಕ್ಕದ ಶೆಡ್ಡಿನಿಂದ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಂದವಳನ್ನು ಜಡೆಯಿಂದ ಗುರುತಿಸಿದೆ. ಈ ಸಲ ಮುಖವನ್ನೂ ನೋಡಿದೆ.

"ಕನ್ನಡ ಮಿಸ್ ಅಲ್ವಾ? ಇದೇನ್ ಮಿಸ್, ದಾರಿ ತಪ್ಪಿ ಬಂದ್ರಾ?" ಎಂದು ನಕ್ಕಳು. ಕಲ್ಲುಬೆಂಚಿನ ಮೇಲೆ ಕೂರಿಸಿ ನೀರು ತಂದುಕೊಟ್ಟಳು. ವಿಜ್ಞಾನದ ಗ್ರೂಪು ಸಿಗಲಿಲ್ಲವಂತೆ, ಸ್ವಲ್ಪದರಲ್ಲಿ ತಪ್ಪಿತಂತೆ. ಸಿಕ್ಕ ಗ್ರೂಪು ಓದಿ, ಈಗ ಈ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರ ಮೇಲ್ವಿಚಾರಣೆ. ಅಜ್ಜಿ ಇದ್ದಾಳೆ, ಕಣ್ಣು ಮಸುಕು. ಬೆಳಿಗ್ಗೆ ಎದ್ದ ಕೂಡಲೇ ಮೂಲೆ ಎಷ್ಟು ಉಳಿದಿದೆ ಎಂದು ಕೇಳುತ್ತಾಳೆ, ಅವು ತಿಂದಿದ್ದರೆ ತಿಂದವು ಎಂದು ಸಮಾಧಾನಪಡುತ್ತಾಳೆ.

"ನೀನು ಹೊರಗಿದ್ದಾಗ ನಾನು ಕಿಟಕಿ ಹತ್ರ ನಿಂತು ಜೋರಾಗಿ ಪಾಠ ಮಾಡ್ತಿದ್ದೆ. ನೆನಪಿದ್ಯಾ?"

"ಯಾಕಿಲ್ಲ ಮಿಸ್? ಊರಿಗೆಲ್ಲ ಕೇಳ್ತಿತ್ತು." ಕತ್ತರಿಯ ಬಾಯನ್ನು ಸೆರಗಿಗೆ ಒರೆಸಿದಳು. "ವಿಜ್ಞಾನದ ಸಾರ್ ಮಾತ್ರ ಮೆತ್ತಗೆ ಪಾಠ ಮಾಡೋರು."

ಶೆಡ್ಡಿನೊಳಗೆ ಯಾರೋ ಹಾಡಿಕೊಳ್ಳುತ್ತಿದ್ದರು. ಖಾರದ ಹೊಗೆ ತೆಳ್ಳಗೆ ಬಿಸಿಲಿನಲ್ಲಿ ಕರಗುತ್ತಿತ್ತು. ಏಳು ವರ್ಷದಿಂದ ಯಾರನ್ನೂ ಕೇಳಲಾಗದೆ ಇಟ್ಟುಕೊಂಡಿದ್ದನ್ನು ಕೇಳಿದೆ.

"ಅವತ್ತು ಅಜ್ಜಿ ಬಂದಿದ್ದ ದಿನ, ಹೆಡ್‌ಮಾಸ್ಟರ ರೂಮಲ್ಲಿ, ನಾನು ಏನಾದರೂ ಹೇಳಿದೆನಾ?"

ಅವಳು ಯೋಚಿಸಲಿಲ್ಲ. ಅವಳಿಗೆ ಯೋಚಿಸುವ ಅಗತ್ಯವಿರಲಿಲ್ಲ.

"ಹೇಳಿದ್ರಿ ಮಿಸ್. ಎದ್ದು ನಿಂತ್ಕೊಂಡು, ಸಾರ್ ಅದು ನಾನು ಬರೆದಿದ್ದು ಅಂತ ಶುರು ಮಾಡಿದ್ರಿ. ಸಾರ್ ನಿಮ್ಮ ಕಡೆ ನೋಡಿ, ಕೂತ್ಕೊಳಿ ಟೀಚರ್ ಅಂದ್ರು. ಕೂತ್ಕೊಂಡ್ರಿ."

ದೂರು ಹೇಳುವ ದನಿಯಲ್ಲ.

ನಾನು ಎದ್ದು ನಿಂತೆ. ಯಾಕೆ ಎದ್ದೆನೋ, ಎದ್ದು ಏನು ಹೇಳಬೇಕೆಂದಿದ್ದೆನೋ ಗೊತ್ತಿಲ್ಲ. ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು. ಮುನಿಲಕ್ಷ್ಮಿ ರಸ್ತೆಯ ಕಡೆಗೊಮ್ಮೆ ನೋಡಿದಳು.

"ಕೂತ್ಕೊಳಿ ಮಿಸ್" ಅಂದಳು, "ಬಸ್ಸಿಗಿನ್ನೂ ಹೊತ್ತೈತೆ."

ನಾನು ನಿಂತೇ ಇದ್ದೆ.